ಸ್ವಂತ ಸಿವಿಲ್ ಕಂಪನಿ: ‘ನಮ್ಮ ಮೌಲ್ಯಗಳು’ ಎಂಬ ಪುಟದಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾನು ಮತ್ತು ನನ್ನ ಇಬ್ಬರು ಗೆಳೆಯರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೈಟ್ ಎಂಜಿನಿಯರ್‌ಗಳಾಗಿ ದುಡಿದು, ಈಗ ಸ್ವಂತ ಸಿವಿಲ್ ನಿರ್ಮಾಣ ಕಂಪನಿ ಶುರು ಮಾಡುತ್ತಿದ್ದೇವೆ. ಪರಿಚಯ ಪುಸ್ತಿಕೆಗೆ ‘ನಮ್ಮ ಮೌಲ್ಯಗಳು’ ಎಂದು ಒಂದು ಪುಟ ಬೇಕಿತ್ತು. ಪ್ರಾಮಾಣಿಕತೆ, ಗುಣಮಟ್ಟ, ಸುರಕ್ಷತೆ, ಸಮಯಪಾಲನೆ, ಗ್ರಾಹಕರ ತೃಪ್ತಿ ಎಂದು ಐದು ಪದ ಬರೆದೆವು. ಅದನ್ನು ಓದಿದ ಒಬ್ಬ ಗೆಳೆಯ, “ನಾವು ಬೇಸತ್ತು ಬಿಟ್ಟು ಬಂದ ಕಂಪನಿಯ ಗೋಡೆಯ ಮೇಲೂ ಇದೇ ಐದು ಪದ ಇದ್ದವಲ್ಲ” ಎಂದ. ಅಂದಿನಿಂದ ಆ ಪುಟ ಖಾಲಿ ಬಿದ್ದಿದೆ. ನಮ್ಮ ಬಂಡವಾಳ ಕಡಿಮೆ, ಕೆಲಸ ಹಿಡಿಯಬೇಕೆಂಬ ಒತ್ತಡ ಹೆಚ್ಚು. ಇಂಥ ಸ್ಥಿತಿಯಲ್ಲಿ ಮೌಲ್ಯಗಳ ಮಾತಿಗೆ ಅರ್ಥವಿದೆಯೇ? ಇದ್ದರೆ ಏನು ಬರೆಯಬೇಕು?

ಉತ್ತರ: ನಿಮ್ಮ ಗೆಳೆಯರು ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಾರೆ. ಆ ಐದು ಪದಗಳಲ್ಲಿ ಒಂದೂ ತಪ್ಪಿಲ್ಲ. ಆದರೆ ಸಂಜೆ ಆರು ಗಂಟೆಗೆ ಕಾಂಕ್ರೀಟಿನ ಲಾರಿ ಗೇಟಿಗೆ ಬಂದು ನಿಂತಿದೆ, ಸ್ಲ್ಯಾಬಿನ ಒಂದು ಮೂಲೆಯಲ್ಲಿ ಕಂಬಿ ಕಟ್ಟುವುದು ಇನ್ನೂ ಮುಗಿದಿಲ್ಲ, ಮಾಲೀಕರು ಫೋನಿನಲ್ಲಿ ಕೂಗಾಡುತ್ತಿದ್ದಾರೆ ಎನ್ನುವಾಗ, ಅಲ್ಲಿರುವ ಇಪ್ಪತ್ತೈದು ವರ್ಷದ ಹುಡುಗ ಏನು ಮಾಡಬೇಕು ಎಂಬುದನ್ನು ಆ ಪದಗಳು ಹೇಳುವುದಿಲ್ಲ. ಅವನಿಗೆ ಅದನ್ನು ಹೇಳದ ಮಾತು ಎಷ್ಟೇ ಚೆನ್ನಾಗಿದ್ದರೂ ನಮ್ಮ ಕಸುಬಿನಲ್ಲಿ ಪ್ರಯೋಜನಕ್ಕೆ ಬಾರದು. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೈಟುಗಳಲ್ಲಿ ಕಳೆದಿದ್ದೇನೆ, ಅದರಲ್ಲಿ ಹೆಚ್ಚಿನದು ನಾವು ಕೆಲವರು ಸೇರಿ ಕಟ್ಟಿದ ಒಂದು ಸಣ್ಣ ಕಂಪನಿಯಲ್ಲಿ. ನಾವೂ ಮೊದಲು ಇಂಥದ್ದೇ ಪದಗಳನ್ನು ಬರೆದಿದ್ದೆವು. ಮೊದಲ ಎರಡು ವರ್ಷ ಅವು ಯಾವ ತೀರ್ಮಾನಕ್ಕೂ ನೆರವಾಗಲಿಲ್ಲ.

ಮೌಲ್ಯ ಎಂದರೆ, ಯಾವುದಕ್ಕಾಗಿ ನಷ್ಟ ತಿನ್ನಲು ನೀವು ಮೊದಲೇ ಒಪ್ಪಿಕೊಂಡಿದ್ದೀರೋ ಅದು. ಹಾಗೆ ನೋಡಿದರೆ ನಿಮ್ಮ ಪುಟದಲ್ಲಿ ಬರೆಯಬೇಕಾದದ್ದು ಗುಣಗಳ ಹೆಸರುಗಳನ್ನಲ್ಲ, ತೀರ್ಮಾನಗಳನ್ನು. ಯಾವ ತೀರ್ಮಾನಗಳು ಎಂಬುದಕ್ಕೆ ನಮ್ಮ ಕೆಲಸದ ಸ್ವಭಾವವೇ ಉತ್ತರ ಕೊಡುತ್ತದೆ.

ಬೇರೆ ಬಹಳಷ್ಟು ಕಸುಬುಗಳಲ್ಲಿ ಕೊಳ್ಳುವವನು ಸರಕನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಎಳೆದು ನೋಡಬಹುದು. ಕಟ್ಟಡದಲ್ಲಿ ಇಂದಿನ ಕೆಲಸ ನಿನ್ನೆಯ ಕೆಲಸವನ್ನು ಮುಚ್ಚಿಬಿಡುತ್ತದೆ. ಪಾಯ ಮಣ್ಣಿನಡಿ ಹೋಗುತ್ತದೆ. ಕಂಬಿ ಕಾಂಕ್ರೀಟಿನೊಳಗೆ ಹೋಗುತ್ತದೆ, ಕಾಂಕ್ರೀಟು ಪ್ಲಾಸ್ಟರಿನ ಹಿಂದೆ ಹೋಗುತ್ತದೆ. ನೀರಿನ ಪೈಪು ಗೋಡೆಯೊಳಗೆ, ನೀರು ತಡೆಯುವ ಪದರ ಟೈಲ್ಸಿನ ಕೆಳಗೆ. ಕೊನೆಗೆ ಕೀಲಿಕೈ ತೆಗೆದುಕೊಳ್ಳುವವರು ನೋಡುವುದು ಬಣ್ಣ, ಬಾಗಿಲು, ನೆಲ. ಅವರ ಜೀವ ನಿಂತಿರುವುದು ಕಾಣದ ಭಾಗದ ಮೇಲೆ. ಆ ಭಾಗದ ವಿಷಯದಲ್ಲಿ ನಿಮ್ಮ ಮಾತು ಬಿಟ್ಟರೆ ಅವರ ಬಳಿ ಬೇರೆ ಸಾಕ್ಷಿಯೇ ಇರುವುದಿಲ್ಲ. ಆದ್ದರಿಂದ ಸಿವಿಲ್ ಕಂಪನಿಗೆ ಬುನಾದಿ ಮೌಲ್ಯ ಒಂದೇ ಎಂಬುದು ನನ್ನ ಖಚಿತ ಅಭಿಪ್ರಾಯ: ಮುಚ್ಚಿಹೋಗುವ ಕೆಲಸವನ್ನು, ಅದು ಮುಚ್ಚುವ ಮೊದಲು, ಯಾರಾದರೂ ಕಣ್ಣಾರೆ ನೋಡಿ, ಅಳೆದು, ಸಹಿ ಹಾಕಿ ಹೊಣೆ ಹೊರಬೇಕು. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಒಂದು ಬಾಲ್ಕನಿಯನ್ನೇ ತೆಗೆದುಕೊಳ್ಳಿ. ಕೊನೆಯಲ್ಲಿ ಆಧಾರವಿಲ್ಲದೆ ಹೊರಗೆ ಚಾಚಿಕೊಂಡ ಸ್ಲ್ಯಾಬು. ಅದರಲ್ಲಿ ಎಳೆತ ಬೀಳುವುದು ಮೇಲ್ಭಾಗದಲ್ಲಿ, ಹಾಗಾಗಿ ಮುಖ್ಯ ಕಂಬಿ ಮೇಲೆಯೇ ಇರಬೇಕು. 150 ಮಿಲಿಮೀಟರ್ ದಪ್ಪದ ಸ್ಲ್ಯಾಬಿನಲ್ಲಿ, ಕಂಬಿಯನ್ನು ಮುಚ್ಚುವ ಮೇಲಿನ ಕಾಂಕ್ರೀಟು ಪದರ (ಕವರ್) ಬಿಟ್ಟು, ಕಂಬಿಯ ನಡುವಿನಿಂದ ಸ್ಲ್ಯಾಬಿನ ತಳದವರೆಗೆ ಸುಮಾರು 120 ಮಿಲಿಮೀಟರ್ ಸಿಗುತ್ತದೆ ಎಂದುಕೊಳ್ಳೋಣ. ಕಂಬಿ ಕಟ್ಟುವ ಬಾರ್ ಬೆಂಡರ್ ಅಚ್ಚುಕಟ್ಟಾಗಿ ಕಟ್ಟಿದ್ದಾನೆ. ಆದರೆ ಕಂಬಿಯನ್ನು ಎತ್ತಿ ಹಿಡಿಯುವ ಚೇರುಗಳು ಸಾಲದು. ಮೊದಲು ವಿದ್ಯುತ್ ಪೈಪು ಹಾಕುವವರು ಅದರ ಮೇಲೆ ನಡೆದರು. ಆಮೇಲೆ ಕಾಂಕ್ರೀಟು ಹೊರುವವರು ನಡೆದರು, ಕಾಂಕ್ರೀಟನ್ನು ಅದುರಿಸಿ ಒತ್ತಾಗಿ ಕೂರಿಸುವ ವೈಬ್ರೇಟರ್ ಹಿಡಿದವನು ಅದರ ಮೇಲೇ ನಿಂತು ಕೆಲಸ ಮಾಡಿದ. ಕಂಬಿ 40 ಮಿಲಿಮೀಟರ್ ಕೆಳಗಿಳಿಯಿತು. 120 ಇದ್ದದ್ದು 80 ಆಯಿತು, ಬಾಗುವಿಕೆಯನ್ನು ತಡೆಯುವ ಶಕ್ತಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಯಿತು. ಒಂದು ಕಂಬಿಯೂ ಕಳುವಾಗಿಲ್ಲ, ಒಂದು ಮೂಟೆ ಸಿಮೆಂಟೂ ಕಡಿಮೆಯಾಗಿಲ್ಲ, ಬಿಲ್ಲಿನಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಆದರೂ ಆ ಬಾಲ್ಕನಿ ನಕ್ಷೆಯಲ್ಲಿದ್ದ ಬಾಲ್ಕನಿಯಲ್ಲ. ಶಟರಿಂಗ್ (ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರುವ ಅಚ್ಚು) ತೆಗೆದ ದಿನವೇ ಬಾಗುವ ಬಾಲ್ಕನಿಗಳಿವೆ. ವರ್ಷಗಟ್ಟಲೆ ಸುಮ್ಮನೆ ನಿಂತು, ಮನೆ ತುಂಬ ನೆಂಟರು ಬಂದು ಎಲ್ಲರೂ ಒಟ್ಟಿಗೆ ಹೊರಗೆ ಬಂದು ನಿಂತ ದಿನ ಕುಸಿಯುವವೂ ಇವೆ.

ಇದಕ್ಕೆ ‘ಗುಣಮಟ್ಟ’ ಎಂಬ ಪದ ಏನೂ ಮಾಡಲಾರದು. ಮಾಡಬಲ್ಲದ್ದು ಈ ಸಾಲು: “ನಮ್ಮ ಯಾವ ಸೈಟಿನಲ್ಲೂ, ಕಂಬಿಯ ಮೇಲೆ ನಡೆಯಲು ಹಲಗೆ ಹಾಸದೆ ಕಾಂಕ್ರೀಟು ಶುರುವಾಗುವುದಿಲ್ಲ. ಕಾಂಕ್ರೀಟು ಬೀಳುತ್ತಿರುವಷ್ಟು ಹೊತ್ತೂ ಒಬ್ಬ ಬಾರ್ ಬೆಂಡರ್ ಅಲ್ಲೇ ಇರುತ್ತಾನೆ.” ಓದಲು ಇದು ತೀರಾ ಸಣ್ಣ ಮಾತಿನಂತೆ ಕಾಣಬಹುದು. ಆದರೆ ಆ ಬಾರ್ ಬೆಂಡರ್‌ನ ಒಂದು ದಿನದ ಕೂಲಿ ನಿಮ್ಮ ಜೇಬಿನಿಂದ ಹೋಗುತ್ತದೆ. ಹೋಗಲಿ ಎಂದು ನೀವು ಮೊದಲೇ ತೀರ್ಮಾನಿಸಿದ್ದೀರಲ್ಲ, ಅದೇ ಮೌಲ್ಯ.

ಕಾಣದ ಕೆಲಸದ ಬಗ್ಗೆ ಇನ್ನೊಂದು ಸಂಗತಿ ಹೇಳುತ್ತೇನೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟುತ್ತಿದ್ದಾಗ, 1878ರಲ್ಲಿ, ಕೇಬಲ್ಲುಗಳಿಗೆ ಉಕ್ಕಿನ ತಂತಿ ಪೂರೈಸುತ್ತಿದ್ದ ಗುತ್ತಿಗೆದಾರನ ಮೋಸ ಬಯಲಾಯಿತು. ತಂತಿಯನ್ನು ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುತ್ತಿದ್ದರು, ಪಾಸಾದ ಸುರುಳಿಗೆ ಚೀಟಿಯೂ ಸಿಗುತ್ತಿತ್ತು. ಕಾರ್ಖಾನೆಗೂ ಸೇತುವೆಗೂ ನಡುವಿನ ದಾರಿಯಲ್ಲಿ ಒಳ್ಳೆಯ ಸುರುಳಿ ಇಳಿದು, ತಿರಸ್ಕೃತ ಸುರುಳಿ ಗಾಡಿ ಹತ್ತುತ್ತಿತ್ತು. ಒಳ್ಳೆಯದು ಮತ್ತೆ ಪರೀಕ್ಷೆಗೆ ಬರುತ್ತಿತ್ತು! ಗೊತ್ತಾಗುವ ಹೊತ್ತಿಗೆ ಕೆಟ್ಟ ತಂತಿ ಬಹಳಷ್ಟು ಕೇಬಲ್ಲಿನೊಳಗೆ ಸೇರಿಹೋಗಿತ್ತು, ಅದನ್ನು ಬಿಚ್ಚಿ ತೆಗೆಯುವಂತಿರಲಿಲ್ಲ. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಲೆಕ್ಕ ಹಾಕಿದರು. ಕೇಬಲ್ಲುಗಳಿಗೆ ಬೇಕಾದದ್ದಕ್ಕಿಂತ ಆರು ಪಟ್ಟು ಬಲ ಇರುವಂತೆ ಮೊದಲೇ ವಿನ್ಯಾಸ ಮಾಡಿದ್ದರಿಂದ, ಕೆಟ್ಟ ತಂತಿಯ ನಷ್ಟ ಕಳೆದರೂ ಸೇತುವೆ ನಿಲ್ಲುತ್ತದೆ ಎಂದು ಕಂಡಿತು. ಆದರೂ ಪ್ರತಿ ಕೇಬಲ್ಲಿಗೆ ಸುಮಾರು 150 ತಂತಿಗಳನ್ನು ಆ ಗುತ್ತಿಗೆದಾರನ ಖರ್ಚಿನಲ್ಲೇ ಹೆಚ್ಚಾಗಿ ಸೇರಿಸಿದರು. 1883ರಲ್ಲಿ ತೆರೆದ ಆ ಸೇತುವೆಯ ಮೇಲೆ ಇವತ್ತಿಗೂ ಜನ ಓಡಾಡುತ್ತಿದ್ದಾರೆ, ಆ ಕೆಟ್ಟ ತಂತಿ ಇವತ್ತಿಗೂ ಅದರೊಳಗೇ ಇದೆ.

ಹೊಸ ಕಂಪನಿ ಕಟ್ಟುವವರು ಇದರಲ್ಲಿ ಎರಡು ವಿಷಯ ಗಮನಿಸಬೇಕು. ಪರೀಕ್ಷೆ ನಡೆಯುವ ಜಾಗಕ್ಕೂ ಸರಕು ಬಳಕೆಯಾಗುವ ಜಾಗಕ್ಕೂ ನಡುವೆ ಯಾರೂ ನೋಡದ ದಾರಿ ಇದ್ದರೆ, ಪರೀಕ್ಷೆಯ ಕಾಗದಕ್ಕೆ ಬೆಲೆ ಇಲ್ಲ. ಬಲ ಪರೀಕ್ಷಿಸಲೆಂದು ಸೈಟಿನ ಕಾಂಕ್ರೀಟನ್ನು ಅಚ್ಚಿಗೆ ತುಂಬಿ ಮಾಡುವ ಕ್ಯೂಬಿಗೂ ಇದೇ ಮಾತು. ಕ್ಯೂಬಿಗೆಂದೇ ಬೇರೆಯಾಗಿ ಗಟ್ಟಿ ಮಾಲು ಕಲಸಿ ತುಂಬಿಸುವ ಸೈಟುಗಳನ್ನು ನೀವೂ ನೋಡಿರುತ್ತೀರಿ. ಮಾದರಿಯನ್ನು ಯಾವ ಲಾರಿಯಿಂದ, ಯಾವ ಹೊತ್ತಿನಲ್ಲಿ ತೆಗೆಯಬೇಕೆಂದು ಮೇಸ್ತ್ರಿಗೆ ಮೊದಲೇ ಗೊತ್ತಿರಬಾರದು, ತೆಗೆಯುವವನಿಗೆ ಕೆಲಸ ಬೇಗ ಮುಗಿಯಲಿ ಎಂಬ ಆಸೆಯೂ ಇರಬಾರದು. ಎರಡನೆಯದು, ವಿನ್ಯಾಸದಲ್ಲಿ ಇಟ್ಟಿರುವ ಹೆಚ್ಚಿನ ಬಲ ಕಂಟ್ರಾಕ್ಟರನ ಉಳಿತಾಯಕ್ಕೆ ಬಿಟ್ಟ ಜಾಗವಲ್ಲ. ಅದು ನಮಗೆ ಗೊತ್ತಿಲ್ಲದ ತಪ್ಪುಗಳಿಗಾಗಿ ಇಟ್ಟದ್ದು. “ಡಿಸೈನಿನಲ್ಲಿ ಮಾರ್ಜಿನ್ ಇದೆ ಬಿಡಿ” ಎಂಬ ಮಾತು ನಿಮ್ಮ ಕಂಪನಿಯಲ್ಲಿ ಯಾರ ಬಾಯಲ್ಲೂ ಬರಬಾರದು, ಅದರಲ್ಲೂ ನಿಮ್ಮ ಮೂವರ ಬಾಯಲ್ಲಿ.

ಕಾಂಕ್ರೀಟಿಗೆ ಹೆಚ್ಚು ನೀರು ಬೆರೆಸುವ ವಿಷಯ ನಿಮಗೆ ಹೊಸದಲ್ಲ, ಬೇಗ ಹೇಳಿ ಮುಗಿಸುತ್ತೇನೆ. ನೀರು ಮತ್ತು ಸಿಮೆಂಟಿನ ಅನುಪಾತವೇ ಕಾಂಕ್ರೀಟಿನ ಬಲವನ್ನು ತೀರ್ಮಾನಿಸುತ್ತದೆಂದು ಅಮೆರಿಕದ ಸಂಶೋಧಕ ಡಫ್ ಏಬ್ರಮ್ಸ್ ತೋರಿಸಿಕೊಟ್ಟದ್ದು 1918ರಲ್ಲಿ. ನೂರು ವರ್ಷ ದಾಟಿದರೂ ಲಾರಿಯ ಹಿಂದೆ ನೀರಿನ ಪೈಪು ಹಿಡಿದು ನಿಲ್ಲುವವನು ಇದ್ದೇ ಇದ್ದಾನೆ. 50 ಕಿಲೋ ಮೂಟೆಗೆ ಇಪ್ಪತ್ತೆರಡೂವರೆ ಲೀಟರ್ ನೀರಿದ್ದರೆ ಅನುಪಾತ 0.45, ಮೂವತ್ತು ಲೀಟರ್ ಆದರೆ 0.60. ಆ ಏಳೂವರೆ ಲೀಟರಿನಲ್ಲಿ ಬಲದ ಕಾಲುಭಾಗಕ್ಕೂ ಹೆಚ್ಚು ಹೋಗಬಹುದು. ಆ ಪೈಪು ಹಿಡಿದವನು ಕೆಟ್ಟವನಲ್ಲ, ಅವನ ಕೈ ಸೋತಿದೆ. ಗಟ್ಟಿ ಮಾಲು ಎಳೆಯಲು ಅವನಿಗೆ ಜನ ಸಾಲದು, ವೈಬ್ರೇಟರ್ ಒಂದೇ ಇದೆ, ಅದೂ ನಿಂತು ನಿಂತು ಓಡುತ್ತಿದೆ. ಅಲ್ಲಿ ನೀತಿಪಾಠ ಹೇಳುವ ಬದಲು ಇನ್ನೊಂದು ವೈಬ್ರೇಟರ್ ಕೊಡಿ, ಇಬ್ಬರನ್ನು ಹೆಚ್ಚು ಕಳಿಸಿ. ಮಾಲು ಎಳೆಯಲು ಸುಲಭವಾಗಬೇಕಿದ್ದರೆ ಅದಕ್ಕೆ ತಕ್ಕ ಮಿಶ್ರಣವನ್ನು ಮೊದಲೇ ಮಾಡಿಸಿ.

ಇಲ್ಲಿಂದ ಮಾತು ಹಣಕ್ಕೆ ಬರುತ್ತದೆ. ನೀವು ಬಂಡವಾಳ ಕಡಿಮೆ ಎಂದಿದ್ದೀರಿ, ಹಾಗಾಗಿ ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ನನ್ನ ಅನುಭವದಲ್ಲಿ ಕಂಪನಿಯೊಂದರ ಮೌಲ್ಯ ಮೊದಲು ಮುರಿಯುವುದು ಸೈಟಿನಲ್ಲಲ್ಲ, ಟೆಂಡರಿನ ದರ ಬರೆಯುವ ಮೇಜಿನ ಮೇಲೆ. ಲೆಕ್ಕದಲ್ಲಿ 100 ಆಗುವ ಕೆಲಸಕ್ಕೆ, ಹೇಗಾದರೂ ಸಿಗಲಿ ಎಂದು 88 ಬರೆದಿರಿ ಎಂದುಕೊಳ್ಳಿ. ಆ 12 ಎಲ್ಲಿಂದ ಬರಬೇಕು? ಸಿಮೆಂಟು, ಕಂಬಿ, ಡೀಸೆಲ್ಲಿನ ಬೆಲೆ ನಿಮಗಾಗಿ ಇಳಿಯುವುದಿಲ್ಲ. ಉಳಿಯುವ ದಾರಿಗಳು ಕೆಲವೇ: ಕೂಲಿಯಲ್ಲಿ ಕಡಿತ, ಸಬ್ ಕಂಟ್ರಾಕ್ಟರ್ ಬಿಲ್ಲನ್ನು ತಿಂಗಳುಗಟ್ಟಲೆ ತಡೆಯುವುದು, ಕಾಂಕ್ರೀಟಿಗೆ ನೀರುಣಿಸುವ (ಕ್ಯೂರಿಂಗಿನ) ದಿನ ಕಡಿಮೆ ಮಾಡುವುದು, ಶಟರಿಂಗನ್ನು ಬೇಗ ಬಿಚ್ಚುವುದು, ಕಂಬಿಯ ದಪ್ಪದಲ್ಲಿ ಒಂದು ಮೆಟ್ಟಿಲು ಇಳಿಯುವುದು, ಇಲ್ಲವೇ ಕೆಲಸ ಅರ್ಧಕ್ಕೆ ಬಂದ ಮೇಲೆ ಮಾಲೀಕರ ಕೈ ಕಟ್ಟಿಹಾಕಿ ಹೆಚ್ಚಿನ ದರ ಕೇಳುವುದು. ಆ 88 ಬರೆದ ರಾತ್ರಿಯೇ ಇವುಗಳಲ್ಲಿ ಯಾವುದೋ ಒಂದನ್ನು ನೀವು ಆರಿಸಿದ್ದೀರಿ. ಯಾವುದೆಂದು ತಿಳಿಯುವುದು ಆರು ತಿಂಗಳ ನಂತರ. ಅಷ್ಟು ಹೊತ್ತಿಗೆ ಸೈಟ್ ಎಂಜಿನಿಯರ್ ಎಷ್ಟೇ ಒಳ್ಳೆಯವನಿದ್ದರೂ ಅವನ ಕೈಯಲ್ಲಿ ಏನೂ ಇರುವುದಿಲ್ಲ.

ಆದ್ದರಿಂದ ಪುಟದಲ್ಲಿ ಬರೆಯಬೇಕಾದ ಮೊದಲ ತೀರ್ಮಾನ ಇದು: ಯಾವ ದರಕ್ಕಿಂತ ಕೆಳಗೆ ನಾವು ಕೆಲಸ ಹಿಡಿಯುವುದಿಲ್ಲ, ಮತ್ತು ಎಂಥ ಕೆಲಸವನ್ನು ಯಾವ ದರ ಕೊಟ್ಟರೂ ಹಿಡಿಯುವುದಿಲ್ಲ. ಮಣ್ಣಿನ ಪರೀಕ್ಷೆ ಬೇಡ ಎನ್ನುವವರ ಪಾಯ ನಾವು ಹಾಕುತ್ತಿರಲಿಲ್ಲ. ಮೂರು ಮಹಡಿಗೆ ಹಾಕಿದ ಪಾಯದ ಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿಗೆ ಇಲ್ಲದೆ ನಾಲ್ಕನೆಯದು ಏರಿಸಿ ಎಂದರೆ ಅಲ್ಲಿಂದ ಎದ್ದು ಬರುತ್ತಿದ್ದೆವು. ಹೀಗೆ ಬಿಟ್ಟ ಕೆಲಸಗಳನ್ನು ಬೇರೆಯವರು ಹಿಡಿದರು, ಲಾಭವನ್ನೂ ಮಾಡಿಕೊಂಡರು. ಅದು ಕಣ್ಣೆದುರೇ ನಡೆಯುತ್ತದೆ, ಮನಸ್ಸಿಗೆ ನೋವೂ ಆಗುತ್ತದೆ. ಅದನ್ನು ಈಗಲೇ ಒಪ್ಪಿಕೊಂಡು ಮುಂದಕ್ಕೆ ಹೋಗಿ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಶಿಸ್ತು ಇದೆ. ಒಂದು ಸೈಟಿನ ಮುಂಗಡ ಹಣ ಇನ್ನೊಂದು ಸೈಟಿನ ಸಾಲಕ್ಕೆ ಹೋಗಬಾರದು. ಸಣ್ಣ ಕಂಪನಿಗಳು ಮುಳುಗುವುದು ಹೆಚ್ಚಾಗಿ ಕೆಲಸ ಇಲ್ಲದೆ ಅಲ್ಲ, ಹೀಗೆ ಹಣ ತಿರುಗಿಸಿ ತಿರುಗಿಸಿ. ಮೊದಲ ಸೈಟಿನ ಹಣದಿಂದ ಎರಡನೆಯದರ ಕಂಬಿ, ಎರಡನೆಯದರ ಹಣದಿಂದ ಮೂರನೆಯದರ ಬಟವಾಡೆ. ಎಲ್ಲೋ ಒಂದು ಬಿಲ್ ತಡವಾದ ದಿನ ಎಲ್ಲ ಸೈಟುಗಳೂ ಒಟ್ಟಿಗೆ ನಿಲ್ಲುತ್ತವೆ. ಸೈಟಿಗೊಂದು ಖಾತೆ ಇಡಿ, ಪ್ರತಿ ತಿಂಗಳೂ ಮೂವರೂ ಕುಳಿತು ನೋಡಿ. ಇದು ಲೆಕ್ಕಪತ್ರದ ಮಾತಲ್ಲವೇ ಎಂದು ನೀವು ಕೇಳಬಹುದು. ಮನೆ ಕಟ್ಟಿಸುವವರು ನಿಮ್ಮ ಕೈಗೆ ಕೊಟ್ಟ ಮುಂಗಡ ಅವರ ಗೋಡೆಗಾಗಿ ಕೊಟ್ಟದ್ದು. ಅದನ್ನು ಅವರ ಗೋಡೆಗೇ ಖರ್ಚು ಮಾಡುವುದಕ್ಕಿಂತ ನೇರವಾದ ಪ್ರಾಮಾಣಿಕತೆ ನನಗೆ ಗೊತ್ತಿಲ್ಲ.

ಬಟವಾಡೆಯ ವಿಷಯದಲ್ಲಿ ನಾನು ಹಠಮಾರಿ. ಕೂಲಿ ಹೇಳಿದ ದಿನ, ಹೇಳಿದಷ್ಟು, ಅವರ ಕೈಗೇ ಸಿಗಬೇಕು. ಮಾಲೀಕರ ಬಿಲ್ ಬಂದಿಲ್ಲ ಎಂಬುದು ನಮ್ಮ ತೊಂದರೆ, ಕಲ್ಲು ಹೊರುವವನ ತೊಂದರೆಯಲ್ಲ. ಸಬ್ ಕಂಟ್ರಾಕ್ಟರ್‌ಗೆ ಅಳತೆ ಮಾಡಿದ ಕೆಲಸದ ಹಣ ಗೊತ್ತಾದ ದಿನಕ್ಕೆ ಹೋಗಬೇಕು. ತಪ್ಪು ಕೆಲಸಕ್ಕೆ ಹಣ ತಡೆಯುವುದಾದರೆ ಯಾವ ಕೆಲಸ, ಎಷ್ಟು, ಯಾಕೆ ಎಂದು ಅದೇ ವಾರ ಬರೆದು ಕೊಡಬೇಕು. ಹೀಗೆ ನಡೆದುಕೊಂಡರೆ ಒಳ್ಳೆಯ ಗಾರೆಯವರು, ಒಳ್ಳೆಯ ಬಾರ್ ಬೆಂಡರುಗಳು ನಿಮ್ಮ ಹತ್ತಿರ ಉಳಿಯುತ್ತಾರೆ. ಹಣ ತಡೆಯುವ ಕಂಪನಿಗೆ ಬೇರೆಲ್ಲೂ ಕೆಲಸ ಸಿಗದವರಷ್ಟೇ ಉಳಿಯುತ್ತಾರೆ.

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: ಕೆಲಸ ನಿಲ್ಲಿಸುವ ಅಧಿಕಾರ ಯಾರಿಗೆ? ಕೆನಡಾದಲ್ಲಿ ಕಟ್ಟುತ್ತಿರುವಾಗಲೇ ಬಿದ್ದ ಕ್ವಿಬೆಕ್ ಸೇತುವೆಯ ಕಥೆಯನ್ನು ನೀವು ಕಾಲೇಜಿನಲ್ಲಿ ಉಕ್ಕಿನ ತೊಲೆ ಬಾಗಿದ ಕಥೆಯಾಗಿ ಓದಿರಬಹುದು. ನಾನು ಅದನ್ನು ಅಧಿಕಾರದ ಕಥೆಯಾಗಿ ಓದುತ್ತೇನೆ. ಸಲಹಾ ಎಂಜಿನಿಯರ್ ಥಿಯೋಡರ್ ಕೂಪರ್ ಇದ್ದದ್ದು ದೂರದ ನ್ಯೂಯಾರ್ಕಿನಲ್ಲಿ. ಸೇತುವೆಯ ನಡುಗಂಡಿಯನ್ನು (ಎರಡು ಆಧಾರ ಕಂಬಗಳ ನಡುವಿನ ಅಂತರವನ್ನು) 1600 ಅಡಿಯಿಂದ 1800 ಅಡಿಗೆ ಹೆಚ್ಚಿಸಿದ ಮೇಲೆ ಅದರ ಸ್ವಂತ ತೂಕದ ಲೆಕ್ಕವನ್ನು ಸರಿಯಾಗಿ ಮತ್ತೆ ಮಾಡಿರಲಿಲ್ಲ. 1907ರ ಆಗಸ್ಟ್ ಕೊನೆಯಲ್ಲಿ, ಸೈಟಿನಲ್ಲಿದ್ದ ಕಿರಿಯ ಎಂಜಿನಿಯರ್ ನಾರ್ಮನ್ ಮೆಕ್ಲೂರ್ ಕೆಳಭಾಗದ ಒಂದು ಉಕ್ಕಿನ ತೊಲೆಯ ಬಾಗು ಅಳೆದ. ಒಂದು ವಾರ ಹಿಂದೆ ಮುಕ್ಕಾಲು ಇಂಚು ಇದ್ದದ್ದು ಎರಡೂಕಾಲು ಇಂಚಿಗೆ ಏರಿತ್ತು. ಕೆಲವರು ಹೆದರಿದರು. ಕೆಲವರು ಅದು ಮೊದಲಿಂದಲೂ ಹಾಗೇ ಬಾಗಿತ್ತು ಎಂದರು. ನಿಲ್ಲಿಸಿ ಎಂದು ಗಟ್ಟಿಯಾಗಿ ಹೇಳುವ ಅಧಿಕಾರ ಮೆಕ್ಲೂರ್‌ಗೆ ಇರಲಿಲ್ಲ. ಅವನು ಖುದ್ದಾಗಿ ನ್ಯೂಯಾರ್ಕಿಗೆ ಹೊರಟ. ವಿಷಯ ಕೇಳಿದ ಕೂಪರ್ ಸೇತುವೆಯ ಮೇಲೆ ಇನ್ನು ಭಾರ ಹಾಕಬೇಡಿ ಎಂದು ಟೆಲಿಗ್ರಾಂ ಕಳಿಸಿದರು. ಅದು ಹೋದದ್ದು ಉಕ್ಕಿನ ಕಂಪನಿಯ ಕಚೇರಿಗೆ, ಸೈಟಿಗಲ್ಲ. ಆಗಸ್ಟ್ 29ರ ಸಂಜೆ, ದಿನದ ಕೆಲಸ ಮುಗಿಯುವ ಹೊತ್ತಿಗೆ, ಸೇತುವೆ ನದಿಗೆ ಬಿತ್ತು. 75 ಕೆಲಸಗಾರರು ಸತ್ತರು.

ಅಳತೆ ಸರಿಯಾಗಿತ್ತು, ಅನುಮಾನ ಸರಿಯಾಗಿತ್ತು, ಕೊನೆಗೆ ಬಂದ ಆದೇಶವೂ ಸರಿಯಾಗಿತ್ತು. ಆದರೆ ಬಾಗು ಕಂಡವನಿಗೆ ಅಧಿಕಾರವಿರಲಿಲ್ಲ, ಅಧಿಕಾರ ಇದ್ದವರಿಗೆ ಬಾಗು ಕಾಣುತ್ತಿರಲಿಲ್ಲ. ನಿಮ್ಮ ಕಂಪನಿಯಲ್ಲಿ ಈ ಎರಡನ್ನೂ ಒಬ್ಬನ ಕೈಗೇ ಕೊಡಿ. ಸೈಟಿನಲ್ಲಿರುವ ತೀರಾ ಕಿರಿಯ ಎಂಜಿನಿಯರ್, ಅಷ್ಟೇ ಏಕೆ, ಶಟರಿಂಗಿನ ಮೇಸ್ತ್ರಿ ಕೂಡ, ಅಪಾಯ ಕಂಡರೆ ಯಾರನ್ನೂ ಕೇಳದೆ ಕೆಲಸ ನಿಲ್ಲಿಸಬಹುದು. ಮತ್ತೆ ಶುರು ಮಾಡಬೇಕಾದರೆ ಮಾತ್ರ ನಿಮ್ಮ ಮೂವರಲ್ಲಿ ಒಬ್ಬರು ಸೈಟಿಗೆ ಬಂದು, ನೋಡಿ, ಸಹಿ ಹಾಕಬೇಕು. ನಿಲ್ಲಿಸುವುದು ಸುಲಭವಾಗಿರಬೇಕು, ಶುರು ಮಾಡುವುದು ಕಷ್ಟವಾಗಿರಬೇಕು. ನಾನು ನೋಡಿದ ಬಹುಪಾಲು ಸೈಟುಗಳಲ್ಲಿ ಇದು ತಲೆಕೆಳಗಾಗಿರುತ್ತದೆ.

ಕಾಗದದಲ್ಲಿ ಅಧಿಕಾರ ಕೊಟ್ಟರೆ ಸಾಲದು ಎಂಬುದೂ ನಿಮಗೆ ಗೊತ್ತು. ನಮ್ಮಲ್ಲಿ ಒಂದು ಸಲ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗಿಯೊಬ್ಬಳು ಸ್ಲ್ಯಾಬಿನ ಕಾಂಕ್ರೀಟು ನಿಲ್ಲಿಸಿದಳು. ಕೆಳಗಿನ ಆಸರೆಗಳಲ್ಲಿ ಎರಡು, ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಹಲಗೆಯಿಲ್ಲದೆ ನಿಂತಿವೆ ಎಂಬುದು ಅವಳ ಆಕ್ಷೇಪ. ಎರಡು ಲಾರಿ ಕಾಂಕ್ರೀಟು ವಾಪಸ್ ಹೋಯಿತು. ನಾನು ಹೋಗಿ ನೋಡಿದೆ. ಆಸರೆಗಳನ್ನು ಹಿಂದಿನ ಸಂಜೆಯೇ ಸರಿ ಮಾಡಿ, ಕೆಳಗೆ ಹಲಗೆ ಕೊಟ್ಟು, ಮೇಲೆ ಮಣ್ಣು ಎಳೆದಿದ್ದರು. ಹಲಗೆ ಮೇಲಿನಿಂದ ಕಾಣುತ್ತಿರಲಿಲ್ಲ, ಅಷ್ಟೆ. ಅಂದರೆ ಅವಳ ಅನುಮಾನ ತಪ್ಪಾಗಿತ್ತು. ಇಡೀ ಸೈಟು ನನ್ನ ಮುಖ ನೋಡುತ್ತಿತ್ತು. “ಕಾಣದಿದ್ದರೆ ನಿಲ್ಲಿಸಬೇಕಾದ್ದೇ, ಸರಿಯಾಗಿ ಮಾಡಿದಿರಿ” ಎಂದು ಎಲ್ಲರ ಎದುರು ಹೇಳಿದೆ. ಎರಡು ಲಾರಿಯ ನಷ್ಟವನ್ನು ಕಂಪನಿ ಹೊತ್ತಿತು, ಆ ದಿನದಿಂದ ಆಸರೆಯ ಕೆಳಗಿನ ಹಲಗೆ ಹೊರಗೆ ಕಾಣುವಂತಿರಬೇಕು ಎಂಬ ನಿಯಮವೂ ಬಂತು. ಅವಳನ್ನು ಅಂದು ಗದರಿದ್ದರೆ, ಮುಂದೆ ನಿಜವಾಗಿ ಆಸರೆ ವಾಲಿದ ದಿನ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಸುರಕ್ಷತೆಯನ್ನು ನೀವು ಬೇರೆ ಪದವಾಗಿ ಬರೆದಿದ್ದೀರಿ. ನನಗೆ ಅದು ಇದೇ ಅಧಿಕಾರದ ಮುಂದುವರಿಕೆಯಾಗಿ ಕಾಣುತ್ತದೆ, ಜೊತೆಗೆ ದರಪಟ್ಟಿಯ ಒಂದು ಸಾಲಾಗಿಯೂ. 1930ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಕೆಲಸದ ಕೆಳಗೆ ಉದ್ದಕ್ಕೂ ಬಲೆ ಕಟ್ಟಿದರು. ದೊಡ್ಡ ಕೆಲಸವೆಂದರೆ ಇಷ್ಟು ಸಾವು ಆಗಿಯೇ ಆಗುತ್ತದೆ ಎಂದು ಮೊದಲೇ ಲೆಕ್ಕ ಹಿಡಿಯುತ್ತಿದ್ದ ಕಾಲವದು. ಆ ಬಲೆಗೆ ಬಿದ್ದು 19 ಮಂದಿ ಬದುಕಿದರು. 1937ರ ಫೆಬ್ರವರಿಯಲ್ಲಿ ಒಂದು ಅಟ್ಟಣಿಗೆ ಕಳಚಿ ಬಲೆಯನ್ನೇ ಹರಿದುಕೊಂಡು ಬಿದ್ದು 10 ಮಂದಿ ಸತ್ತದ್ದೂ ಅದೇ ಸೇತುವೆಯಲ್ಲಿ. ಬಲೆ, ಸಾರುವೆ, ಬೆಲ್ಟು, ಅಗೆದ ಗುಂಡಿಯ ಪಕ್ಕಕ್ಕೆ ಕೊಡುವ ಆಸರೆ, ಇವೆಲ್ಲ ಟೆಂಡರ್ ಬರೆಯುವಾಗಲೇ ಬೇರೆ ಸಾಲಾಗಿ ಹಣ ಇಡಬೇಕಾದ ವಸ್ತುಗಳು. ‘ಇತರೆ ಖರ್ಚು’ ಎಂಬ ಸಾಲಿನೊಳಗೆ ಸೇರಿಸಿದರೆ ಲಾಭ ಕಡಿಮೆಯಾದಾಗ ಮೊದಲು ಮಾಯವಾಗುವುದು ಅವೇ. ಎತ್ತರದ ಬಗ್ಗೆ ಎಲ್ಲರಿಗೂ ಭಯವಿರುತ್ತದೆ, ಗುಂಡಿಯ ಬಗ್ಗೆ ಇರುವುದಿಲ್ಲ. ಆಳುದ್ದದ ಗುಂಡಿಯ ಮಣ್ಣು ಕುಸಿದರೆ ಮನುಷ್ಯನಿಗೆ ಕೂಗುವಷ್ಟೂ ಸಮಯ ಸಿಗುವುದಿಲ್ಲ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ.

ಇನ್ನು ತಪ್ಪು ಒಪ್ಪಿಕೊಳ್ಳುವುದು. ಎಷ್ಟೇ ಎಚ್ಚರ ಇದ್ದರೂ ತಪ್ಪು ಆಗುತ್ತದೆ. ನಮ್ಮ ಒಂದು ಕಟ್ಟಡದಲ್ಲಿ ಎರಡನೇ ಮಹಡಿಯ ಆರು ಕಂಬಗಳ 28 ದಿನದ ಕ್ಯೂಬುಗಳು, ಚದರ ಮಿಲಿಮೀಟರಿಗೆ ಇರಬೇಕಾದ 30 ನ್ಯೂಟನ್ ಬಲದ ಬದಲು 21, 22ಕ್ಕೇ ಒಡೆದವು. ಅಷ್ಟರಲ್ಲಿ ಮೇಲಿನ ಸ್ಲ್ಯಾಬು ಬಿದ್ದಾಗಿತ್ತು. ಮಾಲೀಕರಿಗೆ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. “ಕಂಬ ನಿಂತಿದೆಯಲ್ಲ, ಕ್ಯೂಬು ಸರಿಯಾಗಿ ತುಂಬಿರಲಿಕ್ಕಿಲ್ಲ” ಎಂಬ ಮಾತು ನಮ್ಮೊಳಗೇ ಬಂತು, ನನ್ನ ಮನಸ್ಸೂ ಅತ್ತ ವಾಲಿತು. ಮಾರನೆಯ ದಿನ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆದುಕೊಂಡು ಮಾಲೀಕರ ಹತ್ತಿರ ಹೋಗಿ ಕ್ಯೂಬಿನ ವರದಿ ಮುಂದಿಟ್ಟೆವು. ಪರೀಕ್ಷೆಗಾಗಿ ಕಂಬಗಳಿಂದ ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ತುಂಡು) ತೆಗೆಸಿದೆವು. ಮೂರು ಕಂಬ ಪಾಸಾದವು, ಮೂರು ಆಗಲಿಲ್ಲ. ಸ್ಲ್ಯಾಬಿಗೆ ಆಸರೆ ಕೊಟ್ಟು, ಆ ಮೂರು ಕಂಬಗಳ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟಿನ ಕವಚ ಹಾಕಿದೆವು, ನಮ್ಮ ಖರ್ಚಿನಲ್ಲಿ. ಆ ಕಟ್ಟಡದ ಲಾಭ ಅಲ್ಲಿಗೆ ಮುಗಿಯಿತು. ಮಾಲೀಕರು ಕಟುವಾಗಿ ಮಾತಾಡಿದರು, ಅವರ ಮುಂದಿನ ಕಟ್ಟಡವನ್ನು ಬೇರೆಯವರಿಗೆ ಕೊಟ್ಟರು. ನಿಜ ಹೇಳಿದರೆ ಒಳ್ಳೆಯ ಹೆಸರು ಬರುತ್ತದೆ ಎಂದು ನಿಮಗೆ ಭರವಸೆ ಕೊಡಲಾರೆ, ನಮಗೆ ಅಲ್ಲಿ ಬರಲಿಲ್ಲ. ಆದರೆ ಆಮೇಲೆ ನಮ್ಮ ಹುಡುಗರು ಏಳನೇ ದಿನದ ಕ್ಯೂಬು ಕಡಿಮೆ ಬಂದರೂ ತಾವಾಗಿಯೇ ಬಂದು ಹೇಳತೊಡಗಿದರು. ಏಳನೇ ದಿನ ತಿಳಿದರೆ ಮೇಲಿನ ಸ್ಲ್ಯಾಬು ಹಾಕುವ ಮೊದಲೇ ಕಂಬವನ್ನು ಒಡೆದು ಮತ್ತೆ ಹಾಕಬಹುದು.

ಬರೆದಿಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿ. ಸೈಟಿನ ದಿನಚರಿ, ಅಳತೆ ಪುಸ್ತಕ, ಕಾಂಕ್ರೀಟಿಗೆ ಮುಂಚಿನ ಫೋಟೋ, ನಕ್ಷೆ ಬದಲಾದಾಗ ವಿನ್ಯಾಸ ಮಾಡಿದವರ ಲಿಖಿತ ಒಪ್ಪಿಗೆ. ಬಾಯಿಮಾತಿನಲ್ಲಿ ನಕ್ಷೆ ಬದಲಾಯಿಸಬೇಡಿ. 1981ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯ ಹೋಟೆಲೊಂದರಲ್ಲಿ ತೂಗುಹಾದಿಗಳು ಕುಸಿದು 114 ಮಂದಿ ಸತ್ತದ್ದರ ಹಿಂದೆ ಇದ್ದದ್ದು ಕೆಲಸ ಸುಲಭವಾಗಲೆಂದು ಮಾಡಿದ ಒಂದು ಬದಲಾವಣೆ. ಮೇಲಿನ, ಕೆಳಗಿನ ಎರಡೂ ಹಾದಿಗಳನ್ನು ತೂಗುಹಾಕಬೇಕಿದ್ದ ಒಂದೇ ಉದ್ದ ಸರಳಿನ ಜಾಗದಲ್ಲಿ ಎರಡು ಗಿಡ್ಡ ಸರಳು ಬಂದವು, ಮೇಲಿನ ಹಾದಿಯ ಜೋಡಣೆಯ ಮೇಲೆ ಎರಡು ಪಟ್ಟು ಭಾರ ಬಿತ್ತು. ನಕ್ಷೆಗೆ ಒಪ್ಪಿಗೆಯ ಮುದ್ರೆ ಇತ್ತು, ಆ ಜೋಡಣೆಯ ಲೆಕ್ಕವನ್ನು ಮಾತ್ರ ಯಾರೂ ಹಾಕಿರಲಿಲ್ಲ. ಹಾಗಾಗಿ ನಿಮ್ಮಲ್ಲಿ ಸಹಿ ಹಾಕುವವರು ಏನನ್ನು ನೋಡಿ ಸಹಿ ಹಾಕಿದೆವು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಲಿ.

ಕೊನೆಯದಾಗಿ ನಿಮ್ಮ ಮೂವರ ವಿಷಯ. ಹೊರಗಿನವರಿಗೆ ತೋರಿಸುವ ಪುಟ ಬರೆಯುವ ಮೊದಲು ನಿಮ್ಮೊಳಗಿನ ಪುಟ ಬರೆದುಕೊಳ್ಳಿ. ಮೊದಲ ಎರಡು ವರ್ಷ ಯಾರು ಎಷ್ಟು ಹಣ ತೆಗೆದುಕೊಳ್ಳುತ್ತೀರಿ? ಲಂಚ ಕೇಳಿದರೆ ಏನು ಮಾಡುತ್ತೀರಿ? ಆ ಗಳಿಗೆಯಲ್ಲಿ ಒಬ್ಬನೇ ನಿಂತಿರುವ ಪಾಲುದಾರನಿಗೆ, “ಕೊಡುವುದಿಲ್ಲ, ಬಿಲ್ ತಡವಾದರೆ ಆಗಲಿ, ಮೂವರೂ ಸೇರಿ ತಡೆದುಕೊಳ್ಳುತ್ತೇವೆ” ಎಂಬ ಮಾತು ಮೊದಲೇ ಆಗಿರಬೇಕು. ಹಾಗೆ ತಡೆದುಕೊಳ್ಳಲು ಕೆಲವು ತಿಂಗಳ ಬಟವಾಡೆಯಷ್ಟು ಹಣ ಬದಿಗಿಟ್ಟಿರಬೇಕು. ಆ ಹಣ ಇಲ್ಲದೆ ಆ ಮಾತು ನಿಲ್ಲದು. ಕೆಲಸ ಹಿಡಿಯುವಾಗ ಒಬ್ಬರು ಬೇಡ ಎಂದರೆ ಉಳಿದಿಬ್ಬರು ಬಿಡುತ್ತೀರೋ, ಬಹುಮತ ನೋಡುತ್ತೀರೋ? ನಾವು ಒಬ್ಬರು ಬೇಡ ಎಂದರೂ ಬಿಡುತ್ತಿದ್ದೆವು. ಕೆಲವು ಒಳ್ಳೆಯ ಕೆಲಸಗಳು ಹಾಗೆ ತಪ್ಪಿಹೋದವು, ಜಗಳವೂ ಆಯಿತು. ಆದರೂ ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ, ಏಕೆಂದರೆ ಬೇಡ ಎಂದವನು ಹೆಚ್ಚಾಗಿ ಆ ಸೈಟಿಗೆ ಹೋಗಿ ಮಣ್ಣು ನೋಡಿ ಬಂದವನಾಗಿರುತ್ತಿದ್ದ.

ಇಷ್ಟು ತೀರ್ಮಾನವಾದ ಮೇಲೆ ಪುಟ ತಾನಾಗಿಯೇ ತುಂಬುತ್ತದೆ: ಏಳೆಂಟು ಸಾಲು, ಪ್ರತಿ ಸಾಲಿನಲ್ಲೂ ಒಂದು ಕ್ರಿಯಾಪದ, ಯಾರು ಮಾಡಬೇಕು, ಯಾವಾಗ ಮಾಡಬೇಕು. ಪುಸ್ತಿಕೆಗೆ ಅಚ್ಚು ಹಾಕಿಸುವ ಮೊದಲು ಅದನ್ನು ನಿಮ್ಮ ಜೊತೆ ಬರಲು ಒಪ್ಪಿರುವ ಮೇಸ್ತ್ರಿಗೆ, ಬಾರ್ ಬೆಂಡರ್‌ಗೆ ಓದಿ ಹೇಳಿ. ಯಾವ ಸಾಲು ಕೇಳಿ ಅವರು “ಹಾಗಾದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ ಸಾರ್?” ಎಂದು ಕೇಳುತ್ತಾರೋ ಅದನ್ನು ಉಳಿಸಿಕೊಳ್ಳಿ, ಉತ್ತರವನ್ನೂ ಅದರ ಪಕ್ಕದಲ್ಲೇ ಬರೆಯಿರಿ.